ಸಣ್ಣ ಜಿ, ದೊಡ್ಡ ಜಿ ಮತ್ತು ಕೋಷ್ಟಕದ ಉಳಿದ ಅಕ್ಷರಗಳು

ಪ್ರೌಢಶಾಲೆಯ ಮಕ್ಕಳು, ಅವರ ಶಿಕ್ಷಕರು, ಕೆಲವು ಪೋಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಅಂದು ಕರಿಹಲಗೆಯ ಮೇಲೆ ಬರೆದಿದ್ದ ಸೂತ್ರಗಳನ್ನು ಇಲ್ಲಿ ಆದಷ್ಟೂ ಮಾತಿನಲ್ಲೇ ಬಿಡಿಸಿ ಬರೆದಿದ್ದೇನೆ.

ಒಂದು ಉತ್ತರ ಪತ್ರಿಕೆಯಿಂದ ಶುರು ಮಾಡುತ್ತೇನೆ. ಪ್ರಶ್ನೆ ಸುಲಭದ್ದು. ತಲಾ 60 ಕಿಲೋಗ್ರಾಂ ದ್ರವ್ಯರಾಶಿಯ ಇಬ್ಬರು ವಿದ್ಯಾರ್ಥಿಗಳು ಒಂದು ಮೀಟರ್ ದೂರದಲ್ಲಿ ಕುಳಿತಿದ್ದಾರೆ, ಅವರ ನಡುವಿನ ಗುರುತ್ವಾಕರ್ಷಣ ಬಲ ಎಷ್ಟು? ಹುಡುಗ ಸೂತ್ರ ಸರಿಯಾಗಿಯೇ ಬರೆದಿದ್ದ. ಎರಡು ದ್ರವ್ಯರಾಶಿಗಳ ಗುಣಲಬ್ಧವನ್ನು ದೂರದ ವರ್ಗದಿಂದ ಭಾಗಿಸಬೇಕು, ಜಿ ಇಂದ ಗುಣಿಸಬೇಕು. ಆಮೇಲೆ ಜಿ ಇದ್ದ ಕಡೆ 9.8 ಹಾಕಿದ. ಗುಣಾಕಾರದಲ್ಲಿ ಒಂದು ತಪ್ಪೂ ಇಲ್ಲ. ಉತ್ತರ 35,280 ನ್ಯೂಟನ್. ಕೆಳಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದಿದ್ದ.

ಅಷ್ಟು ಬಲ ಅಂದರೆ 3,600 ಕಿಲೋ ಭಾರ. ಪಕ್ಕದ ಬೆಂಚಿನ ಗೆಳೆಯ ಅಷ್ಟು ಜೋರಾಗಿ ಎಳೆದರೆ ಇಬ್ಬರ ಮೂಳೆಯೂ ಉಳಿಯುವುದಿಲ್ಲ. ನಿಜವಾದ ಉತ್ತರ 0.00000024 ನ್ಯೂಟನ್. ಹುಡುಗನ ಉತ್ತರ ಹದಿನೈದು ಸಾವಿರ ಕೋಟಿ ಪಟ್ಟು ಹೆಚ್ಚು.

ಆ ಹುಡುಗ ದಡ್ಡನಲ್ಲ. ಅವನ ಕೈಗೆ ನಾವು ಕೊಟ್ಟಿದ್ದು ಒಂದು ಕೋಷ್ಟಕ. ಅದರಲ್ಲಿ ಜಿ, ಮತ್ತೊಂದು ಜಿ, ಸಿ, ಎಚ್, ಕೆ, ಆರ್ ಎಲ್ಲ ಒಂದರ ಕೆಳಗೊಂದು ಸಾಲಾಗಿ ನಿಂತಿರುತ್ತವೆ. ಮೇಲೆ ‘ಸ್ಥಿರಾಂಕಗಳು’ ಅಂತ ಒಂದೇ ತಲೆಬರಹ. ಮಗು ಏನು ಅರ್ಥ ಮಾಡಿಕೊಳ್ಳಬೇಕು? ಇವೆಲ್ಲ ಒಂದೇ ಜಾತಿಯ ಅಂಕಿಗಳು, ಬಾಯಿಪಾಠ ಮಾಡಿ ಸರಿಯಾದ ಜಾಗದಲ್ಲಿ ಕೂರಿಸಿದರೆ ಸಾಕು ಅಂತಲೇ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ: ಆ ಸಾಲಿನಲ್ಲಿರುವ ಒಂದೊಂದು ಅಕ್ಷರದ ಹುಟ್ಟೂ ಬೇರೆ. ಕೆಲವು ಪ್ರಕೃತಿಯವು, ಕೆಲವು ನಾವು ಮಾಡಿಕೊಂಡ ಒಪ್ಪಂದ, ಕೆಲವು ಒಂದು ಜಾಗಕ್ಕೆ ಮಾತ್ರ ಸೇರಿದವು. ಅದು ತಿಳಿದರೆ 9.8 ಅನ್ನು ತಪ್ಪು ಕಡೆ ಹಾಕಲು ಕೈಯೇ ಬರುವುದಿಲ್ಲ.

ಸಣ್ಣ ಜಿ ಇಂದಲೇ ನೋಡೋಣ. ಗುರುತ್ವ ವೇಗೋತ್ಕರ್ಷ, 9.8 ಮೀಟರ್ ಪ್ರತಿ ಸೆಕೆಂಡಿನ ವರ್ಗಕ್ಕೆ. ನನ್ನನ್ನು ಕೇಳಿದರೆ ಇದನ್ನು ಸ್ಥಿರಾಂಕ ಅಂತ ಕರೆಯಲೇಬಾರದು. ಸಮಭಾಜಕ ವೃತ್ತದ ಬಳಿ ಅದು 9.78, ಧ್ರುವಗಳ ಬಳಿ 9.83, ಚಂದ್ರನ ಮೇಲೆ 1.62. ಇದು ಮೊದಲು ಗೊತ್ತಾಗಿದ್ದು ಒಂದು ಗಡಿಯಾರದಿಂದ. 1672ರಲ್ಲಿ ಜ್ಯಾಂ ರಿಶೆ ಎಂಬ ಫ್ರೆಂಚ್ ಖಗೋಳಜ್ಞ ದಕ್ಷಿಣ ಅಮೆರಿಕದ ಕೇಯೆನ್‌ಗೆ ಹೋದ. ಸಮಭಾಜಕಕ್ಕೆ ಹತ್ತಿರದ ಊರು. ಪ್ಯಾರಿಸ್‌ನಲ್ಲಿ ಸರಿಯಾಗಿ ಓಡುತ್ತಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಸಮಯ ಸರಿಹೊಂದಿಸಲು ಲೋಲಕವನ್ನು ಸುಮಾರು ಮೂರು ಮಿಲಿಮೀಟರ್ ಗಿಡ್ಡ ಮಾಡಬೇಕಾಯಿತು. ಗಡಿಯಾರ ಕೆಟ್ಟಿರಲಿಲ್ಲ. ಅಲ್ಲಿ ಭೂಮಿಯ ಎಳೆತವೇ ಒಂದಿಷ್ಟು ಕಡಿಮೆ ಇತ್ತು. ಭೂಮಿ ತಿರುಗುತ್ತಿದೆ, ನಡು ಉಬ್ಬಿಕೊಂಡಿದೆ, ಅದಕ್ಕೇ ಹೀಗೆ ಎಂದು ನ್ಯೂಟನ್ ಮುಂದೆ ವಿವರಿಸಿದ. 9.80665 ಅಂತ ಆರು ಅಂಕಿಗಳ ಬೆಲೆಯೊಂದನ್ನು ಪುಸ್ತಕಗಳಲ್ಲಿ ನೋಡಿರುತ್ತೀರಿ. ಅಳತೆಗೆ ಅನುಕೂಲವಾಗಲಿ ಎಂದು 1901ರಲ್ಲಿ ಸಭೆ ಸೇರಿ ಒಪ್ಪಿಕೊಂಡ ಅಂಕಿ ಅದು. ಅಷ್ಟು ಅಂಕಿ ಇದ್ದ ಮಾತ್ರಕ್ಕೆ ಅದು ಪ್ರಕೃತಿಯ ಆಳದಿಂದ ಬಂದದ್ದು ಅಂದುಕೊಳ್ಳಬೇಡಿ.

ಸಣ್ಣ ಜಿ ನಮ್ಮ ಕೈಗೆ ಸಿಗುವ ಅಂಕಿ ಅನ್ನುವುದೇ ಅದರ ಸೊಗಸು. ಒಂದು ದಾರ, ಒಂದು ಭಾರವಾದ ಸಣ್ಣ ಗುಂಡು, ಒಂದು ಸ್ಟಾಪ್‌ವಾಚ್ ಇದ್ದರೆ ಸಾಕು. ದಾರದ ನೇತು ಹಾಕಿದ ತುದಿಯಿಂದ ಗುಂಡಿನ ನಡುವಿನವರೆಗೆ ಸರಿಯಾಗಿ ಒಂದು ಮೀಟರ್ ಇರಲಿ. ಗುಂಡಿನ ನಡುವಿನವರೆಗೆ ಅಂದೆ, ಗಮನಿಸಿ. ದಾರ ಮುಗಿದಲ್ಲಿಗೇ ಅಳತೆ ನಿಲ್ಲಿಸಿದರೆ ಗುಂಡಿನ ತ್ರಿಜ್ಯ ಬಿಟ್ಟುಹೋಗುತ್ತದೆ, ಒಂದು ಸೆಂಟಿಮೀಟರ್ ಬಿಟ್ಟರೆ ಉತ್ತರದಲ್ಲಿ ನೂರಕ್ಕೆ ಒಂದು ಪಾಲು ತಪ್ಪು. ಸ್ವಲ್ಪವೇ ಎಳೆದು ಬಿಡಿ. ಇಪ್ಪತ್ತು ಆಂದೋಲನಗಳಿಗೆ ಎಷ್ಟು ಹೊತ್ತು ನೋಡಿ. 40.1 ಸೆಕೆಂಡ್ ಬಂತು ಅನ್ನಿ. ಒಂದಕ್ಕೆ 2.005 ಸೆಕೆಂಡ್. ನಾಲ್ಕು ಪೈ ವರ್ಗವನ್ನು ಉದ್ದದಿಂದ ಗುಣಿಸಿ, ಆವರ್ತ ಕಾಲದ ವರ್ಗದಿಂದ ಭಾಗಿಸಿದರೆ 9.82 ಬರುತ್ತದೆ.

ಹತ್ತಾರು ವರ್ಷ ಈ ಪ್ರಯೋಗ ಮಾಡಿಸಿದ್ದೇನೆ. ತರಗತಿಗೆ ಒಬ್ಬರಾದರೂ 10.9 ತಂದು ತೋರಿಸುತ್ತಾರೆ. ಏಕೆ ಗೊತ್ತೆ? ಗುಂಡು ಬಿಡುವಾಗಲೇ ‘ಒಂದು’ ಎಂದು ಎಣಿಸಿರುತ್ತಾರೆ. ಇಪ್ಪತ್ತು ಎನ್ನುವ ಹೊತ್ತಿಗೆ ನಿಜಕ್ಕೂ ಮುಗಿದಿರುವುದು ಹತ್ತೊಂಬತ್ತು ಆಂದೋಲನ. ಗಡಿಯಾರ 38.1 ಸೆಕೆಂಡ್ ತೋರಿಸುತ್ತದೆ, ಅದನ್ನು ಇಪ್ಪತ್ತರಿಂದ ಭಾಗಿಸುತ್ತಾರೆ, ತಪ್ಪು ವರ್ಗವಾಗಿ ದೊಡ್ಡದಾಗುತ್ತದೆ. ಬಿಡುವಾಗ ‘ಸೊನ್ನೆ’ ಅನ್ನಿ. ಇಷ್ಟನ್ನು ಕೈಯಾರೆ ಮಾಡಿದ ಮಗುವಿಗೆ 9.8 ಎಂಬುದು ಮುದ್ರಿಸಿದ ಅಂಕಿಯಾಗಿ ಉಳಿಯುವುದಿಲ್ಲ. ಅದು ತಾನು ನಿಂತ ನೆಲದ ಗುಣ ಎಂದು ಅದಕ್ಕೆ ಗೊತ್ತಾಗುತ್ತದೆ.

ಇಲ್ಲೇ ಇನ್ನೊಂದು ಮಾತು. ಪೈ ವರ್ಗ ಎಷ್ಟು? 9.87. ಸಣ್ಣ ಜಿ 9.8. ಇಷ್ಟು ಹತ್ತಿರ ಹೇಗೆ ಬಂದವು ಎಂದು ಚುರುಕು ಮಕ್ಕಳು ಕೇಳುತ್ತಾರೆ. ಅತ್ತಿಂದಿತ್ತ ಹೋಗಲು ಸರಿಯಾಗಿ ಒಂದು ಸೆಕೆಂಡ್ ತೆಗೆದುಕೊಳ್ಳುವ ಲೋಲಕದ ಉದ್ದ 99.4 ಸೆಂಟಿಮೀಟರ್. ಫ್ರಾನ್ಸಿನಲ್ಲಿ ಮೀಟರನ್ನು ರೂಪಿಸುವಾಗ ಆ ಲೋಲಕದ ಉದ್ದವನ್ನೇ ಮೀಟರ್ ಎನ್ನೋಣ ಎಂಬ ಸಲಹೆ ಗಟ್ಟಿಯಾಗಿಯೇ ಇತ್ತು. ಒಪ್ಪಿದ್ದರೆ ಸಣ್ಣ ಜಿ ಆ ಜಾಗದಲ್ಲಿ ಸರಿಯಾಗಿ ಪೈ ವರ್ಗವೇ ಆಗುತ್ತಿತ್ತು. ಆದರೆ ಜಾಗ ಬದಲಾದರೆ ಲೋಲಕ ಬದಲಾಗುತ್ತದೆ, ರಿಶೆಯ ಗಡಿಯಾರ ಅದನ್ನು ತೋರಿಸಿಬಿಟ್ಟಿತ್ತು. ಹಾಗಾಗಿ 1791ರಲ್ಲಿ ಧ್ರುವದಿಂದ ಸಮಭಾಜಕದವರೆಗಿನ ದೂರದ ಒಂದು ಕೋಟಿಯ ಒಂದು ಪಾಲನ್ನು ಆರಿಸಿಕೊಂಡರು. ಹೊಸ ಮೀಟರ್ ಆ ಲೋಲಕದ ಉದ್ದಕ್ಕೆ ತೀರ ಹತ್ತಿರದಲ್ಲೇ ಬಂದು ನಿಂತಿತು. ಆದ್ದರಿಂದ ಜಿ ಮತ್ತು ಪೈ ವರ್ಗದ ಈ ಹೋಲಿಕೆ ನಮ್ಮ ಏಕಮಾನಗಳದ್ದು. ಅಡಿ, ಅಂಗುಲದಲ್ಲಿ ಅಳೆದು ನೋಡಿ, ಹೋಲಿಕೆ ಮಾಯವಾಗುತ್ತದೆ.

ಈಗ ದೊಡ್ಡ ಜಿ. ಇದು 6.674 × 10⁻¹¹. ಇದಕ್ಕೆ ಊರಿಲ್ಲ. ಭೂಮಿಯ ಮೇಲೂ ಇಷ್ಟೇ, ಗುರು ಗ್ರಹದ ಮೇಲೂ ಇಷ್ಟೇ, ಎರಡು ನಕ್ಷತ್ರಗಳ ನಡುವೆಯೂ ಇಷ್ಟೇ. ನ್ಯೂಟನ್ 1687ರಲ್ಲಿ ಗುರುತ್ವದ ನಿಯಮ ಪ್ರಕಟಿಸಿದ, ಆದರೆ ಅವನ ಬಳಿ ಈ ಅಂಕಿ ಇರಲಿಲ್ಲ. ಅವನ ವಾದವೆಲ್ಲ ಅನುಪಾತಗಳಲ್ಲಿ ನಡೆಯುತ್ತದೆ. ಚಂದ್ರ ಭೂಮಿಯ ಕಡೆ ಬೀಳುವುದೆಷ್ಟು, ಇಲ್ಲಿ ಕಲ್ಲು ಬೀಳುವುದೆಷ್ಟು, ಇವೆರಡರ ಹೋಲಿಕೆ ಸಾಕಿತ್ತು ಅವನಿಗೆ.

ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 1797 ಮತ್ತು 98ರಲ್ಲಿ, ಅರವತ್ತು ದಾಟಿದ್ದ ಹೆನ್ರಿ ಕ್ಯಾವೆಂಡಿಶ್ ಈ ಎಳೆತವನ್ನು ಕೋಣೆಯೊಳಗೆ ಅಳೆದ. ಉಪಕರಣದ ಯೋಚನೆ ಅವನ ಗೆಳೆಯ ಜಾನ್ ಮಿಚೆಲ್‌ನದು. ಪ್ರಯೋಗ ಮಾಡುವ ಮೊದಲೇ ಮಿಚೆಲ್ ತೀರಿಕೊಂಡಿದ್ದ. ಸುಮಾರು 1.8 ಮೀಟರ್ ಉದ್ದದ ಮರದ ದಂಡ, ಅದರ ಎರಡು ತುದಿಗೂ ಮುಕ್ಕಾಲು ಕಿಲೋಗೆ ಸ್ವಲ್ಪ ಕಡಿಮೆ ತೂಗುವ ಸೀಸದ ಗುಂಡು, ಇಡೀ ದಂಡ ಒಂದು ತೆಳು ತಂತಿಯಿಂದ ನೇತಾಡುತ್ತದೆ. ಪಕ್ಕಕ್ಕೆ 158 ಕಿಲೋ ತೂಗುವ ಎರಡು ದೊಡ್ಡ ಸೀಸದ ಗುಂಡುಗಳನ್ನು ತಂದರೆ ಚಿಕ್ಕವು ಅವುಗಳ ಕಡೆ ವಾಲುತ್ತವೆ, ತಂತಿ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಅಳೆಯಬೇಕು. ಬಲ ಒಂದು ನ್ಯೂಟನ್‌ನ ಕೋಟಿಯಲ್ಲಿ ಎರಡು ಪಾಲಿಗೂ ಕಡಿಮೆ. ನಮ್ಮ ಹುಡುಗ ಆ ಪ್ರಶ್ನೆಯಲ್ಲಿ ಕಂಡುಹಿಡಿಯಬೇಕಿದ್ದ ಬಲಕ್ಕಿಂತಲೂ ಕಡಿಮೆ! ಕೋಣೆಯೊಳಗೆ ಮನುಷ್ಯ ಕಾಲಿಟ್ಟರೆ ಮೈಯ ಬಿಸಿಗೆ ಗಾಳಿ ಅಲುಗಿ ದಂಡ ಓಲಾಡುತ್ತದೆ. ಆದ್ದರಿಂದ ಕ್ಯಾವೆಂಡಿಶ್ ಕೋಣೆ ಮುಚ್ಚಿ, ದೊಡ್ಡ ಗುಂಡುಗಳನ್ನು ಹೊರಗಿನಿಂದಲೇ ಹಗ್ಗ ಎಳೆದು ಸರಿಸಿ, ಗೋಡೆಯ ಕಿಂಡಿಯಲ್ಲಿ ದೂರದರ್ಶಕ ಇಟ್ಟು ನೋಡಿದ.

ಅವನು ಹುಡುಕಿದ್ದು ಭೂಮಿಯ ಸಾಂದ್ರತೆಯನ್ನು. ನೀರಿನ 5.48 ಪಟ್ಟು ಎಂದು ಬರೆದ, ಇಂದಿನ ಲೆಕ್ಕ 5.51. ದೊಡ್ಡ ಜಿ ಎಂಬ ಅಕ್ಷರ ಅವನ ಬರಹದಲ್ಲಿ ಎಲ್ಲೂ ಇಲ್ಲ. ಆ ರೂಢಿ ಬಂದಿದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ. ಅವನ ಅಳತೆಯಿಂದ ಲೆಕ್ಕ ಹಾಕಿದರೆ ಜಿ ಇಂದಿನ ಬೆಲೆಗೆ ನೂರಕ್ಕೆ ಒಂದು ಪಾಲಿನಷ್ಟು ಹತ್ತಿರ ಬರುತ್ತದೆ.

ಎರಡು ಜಿಗಳ ಸಂಬಂಧ ಈಗ ಬಿಡಿಸಬಹುದು. ಸಣ್ಣ ಜಿ ಅಂದರೆ ದೊಡ್ಡ ಜಿಯನ್ನು ಭೂಮಿಯ ದ್ರವ್ಯರಾಶಿಯಿಂದ ಗುಣಿಸಿ, ಭೂಮಿಯ ತ್ರಿಜ್ಯದ ವರ್ಗದಿಂದ ಭಾಗಿಸಿದ್ದು. ಇದನ್ನೇ ತಿರುಗಿಸಿ ಬರೆಯಿರಿ. ನಿಮ್ಮ ದಾರದ ಲೋಲಕ ಕೊಟ್ಟ 9.8, ಭೂಮಿಯ ತ್ರಿಜ್ಯ 63 ಲಕ್ಷ 70 ಸಾವಿರ ಮೀಟರ್, ಕ್ಯಾವೆಂಡಿಶ್‌ನ ತಂತಿ ಕೊಟ್ಟ ದೊಡ್ಡ ಜಿ. ಭೂಮಿಯ ದ್ರವ್ಯರಾಶಿ ಸುಮಾರು 6 × 10²⁴ ಕಿಲೋಗ್ರಾಂ ಎಂದು ಬರುತ್ತದೆ. ದಾರಕ್ಕೆ ಕಟ್ಟಿದ ಗುಂಡು, ತಂತಿಗೆ ಕಟ್ಟಿದ ಗುಂಡು ಎರಡೂ ಸೇರಿ ಭೂಮಿಯನ್ನು ತೂಗಿದವು. ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡುವಾಗ ಇಂದಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ವಿಚಿತ್ರ ಅಂದರೆ, ಎಲ್ಲರಿಗೂ ಬಾಯಿಪಾಠವಿರುವ ಈ ದೊಡ್ಡ ಜಿಯೇ ಇಂದಿಗೂ ಬಹಳ ಒರಟಾಗಿ ಗೊತ್ತಿರುವ ಸ್ಥಿರಾಂಕ. 6.6743ರ ಆಚೆ ಭರವಸೆಯಿಂದ ಒಂದು ಅಂಕಿ ಬರೆಯಲಾಗುವುದಿಲ್ಲ. ಬೇರೆ ಬೇರೆ ಪ್ರಯೋಗಾಲಯಗಳ ಬೆಲೆಗಳು ಒಂದಕ್ಕೊಂದು ಪೂರ್ತಿ ಹೊಂದುವುದೂ ಇಲ್ಲ. ಗುರುತ್ವ ಅಷ್ಟು ದುರ್ಬಲ, ಜೊತೆಗೆ ಅದನ್ನು ಯಾವ ಗೋಡೆಯೂ ತಡೆಯುವುದಿಲ್ಲ. ಪಕ್ಕದಲ್ಲಿ ಹಾದುಹೋದ ವಾಹನವೂ ಎಳೆಯುತ್ತದೆ, ಮಳೆಗೆ ನೆನೆದ ಮಣ್ಣೂ ಎಳೆಯುತ್ತದೆ. ಆಕಾಶ ನೋಡಿ ಅಳೆಯಬಹುದಲ್ಲ ಅಂದರೆ ಅದೂ ಆಗದು. ಉಪಗ್ರಹಗಳ ಚಲನೆಯಿಂದ ತಿಳಿಯುವುದು ದೊಡ್ಡ ಜಿ ಮತ್ತು ಭೂಮಿಯ ದ್ರವ್ಯರಾಶಿಯ ಗುಣಲಬ್ಧ ಮಾತ್ರ. ಆ ಗುಣಲಬ್ಧ ಒಂಬತ್ತು ಅಂಕಿಗಳವರೆಗೆ ಗೊತ್ತು. ಬಿಡಿಸಿ ಎರಡು ಭಾಗ ಮಾಡಲು ಮತ್ತೆ ಕ್ಯಾವೆಂಡಿಶ್‌ನ ಕೋಣೆಗೇ ಬರಬೇಕು.

ಬೆಳಕಿನ ವೇಗದ ಕಥೆ ಇದಕ್ಕೆ ತದ್ವಿರುದ್ಧ. 1676ರಲ್ಲಿ ಓಲೆ ರೋಮರ್, ಗುರು ಗ್ರಹದ ಅಯೋ ಎಂಬ ಉಪಗ್ರಹದ ಗ್ರಹಣಗಳು ಭೂಮಿ ದೂರ ಸರಿದಂತೆಲ್ಲ ತಡವಾಗುವುದನ್ನು ಕಂಡು, ಬೆಳಕು ಬರಲು ಹೊತ್ತು ಹಿಡಿಯುತ್ತದೆ ಎಂದ. ಅಲ್ಲಿಯವರೆಗೆ ಬೆಳಕು ಕ್ಷಣಮಾತ್ರದಲ್ಲಿ ಬರುತ್ತದೆ ಎಂದು ನಂಬಿದವರೇ ಹೆಚ್ಚು. ಭೂಕಕ್ಷೆಯ ವ್ಯಾಸ ದಾಟಲು 22 ನಿಮಿಷ ಎಂಬುದು ಅವನ ಅಂದಾಜು, ನಿಜಕ್ಕೆ ಸುಮಾರು ಹದಿನಾರೂಮುಕ್ಕಾಲು.

ನನಗೆ ಹೆಚ್ಚು ಇಷ್ಟ 1849ರ ಫಿಜೋ ಪ್ರಯೋಗ, ಏಕೆಂದರೆ ಅದರ ಲೆಕ್ಕ ಹತ್ತನೇ ತರಗತಿಯವರು ಮಾಡಬಹುದು. 720 ಹಲ್ಲುಗಳ ಚಕ್ರ. ಹಲ್ಲಿನ ಸಂದಿಯಲ್ಲಿ ಬೆಳಕು ಹೊರಟು 8,633 ಮೀಟರ್ ದೂರದ ಕನ್ನಡಿಗೆ ಬಡಿದು ಹಿಂದಿರುಗುತ್ತದೆ. ಚಕ್ರ ಮೆಲ್ಲಗೆ ತಿರುಗಿದರೆ ಅದೇ ಸಂದಿಯಲ್ಲಿ ಬೆಳಕು ಕಾಣುತ್ತದೆ. ವೇಗ ಹೆಚ್ಚಿಸುತ್ತ ಹೋಗಿ ಸೆಕೆಂಡಿಗೆ 12.6 ಸುತ್ತು ಆದಾಗ ಬೆಳಕು ಮರೆಯಾಯಿತು. ಅಂದರೆ ಬೆಳಕು ಹೋಗಿ ಬರುವಷ್ಟರಲ್ಲಿ ಸಂದಿಯ ಜಾಗಕ್ಕೆ ಪಕ್ಕದ ಹಲ್ಲು ಬಂದು ನಿಂತಿದೆ. ಸಂದಿಯಿಂದ ಹಲ್ಲಿಗೆ ಒಂದು ಸುತ್ತಿನ 1,440ನೇ ಒಂದು ಭಾಗ. ಅದಕ್ಕೆ ಹಿಡಿದ ಕಾಲ ಸೆಕೆಂಡಿನ 18,144ನೇ ಒಂದು ಭಾಗ. ಅಷ್ಟರಲ್ಲಿ ಬೆಳಕು ಕ್ರಮಿಸಿದ್ದು 17,266 ಮೀಟರ್. ಗುಣಿಸಿ ನೋಡಿ, ಸೆಕೆಂಡಿಗೆ 3 ಲಕ್ಷ 13 ಸಾವಿರ ಕಿಲೋಮೀಟರ್. ಒಂದು ಹಲ್ಲಿನ ಚಕ್ರದಿಂದ!

ಅಳತೆ ನಯವಾಗುತ್ತ ಬಂದು, 1983ರಲ್ಲಿ ಒಂದು ತಿರುವು ಬಂತು. ಬೆಳಕಿನ ವೇಗ 29,97,92,458 ಮೀಟರ್ ಪ್ರತಿ ಸೆಕೆಂಡಿಗೆ ಎಂದು ನಿಗದಿ ಮಾಡಿ, ಮೀಟರನ್ನೇ ಅದರಿಂದ ವ್ಯಾಖ್ಯಾನಿಸಿದರು. ಇನ್ನು ಸಿ ಎಷ್ಟು ಎಂದು ಅಳೆಯುವ ಪ್ರಶ್ನೆಯೇ ಇಲ್ಲ. ನೀವು ಅಳೆದರೆ ತಿಳಿಯುವುದು ನಿಮ್ಮ ಅಳತೆಪಟ್ಟಿ ಸರಿಯಿದೆಯೇ ಎಂದು. ಬೆಳಕಿಗೆ ಒಂದು ವೇಗವಿದೆ, ಅದು ನೋಡುವವನು ಓಡಿದರೂ ನಿಂತರೂ ಒಂದೇ ಎನ್ನುವುದು ಪ್ರಕೃತಿಯ ಸತ್ಯ. ಆ 2, 9, 9, 7 ಎಂಬ ಅಂಕಿಗಳು ನಮ್ಮ ಮೀಟರಿನ, ನಮ್ಮ ಸೆಕೆಂಡಿನ ಗುರುತು. ಈ ವ್ಯತ್ಯಾಸ ಪಾಠ ಮಾಡುವಾಗ ಹೇಳಲೇಬೇಕು.

2019ರ ಮೇ 20ರಿಂದ ಇನ್ನೂ ನಾಲ್ಕು ಅಂಕಿಗಳು ಹೀಗೆಯೇ ನಿಗದಿಯಾದವು: ಬೆಳಕಿನ ಒಂದು ಕಣದ ಶಕ್ತಿಯನ್ನು ಅದರ ಆವರ್ತನಕ್ಕೆ ಜೋಡಿಸುವ ಪ್ಲಾಂಕ್ ಸ್ಥಿರಾಂಕ 6.62607015 × 10⁻³⁴, ಎಲೆಕ್ಟ್ರಾನಿನ ಆವೇಶ 1.602176634 × 10⁻¹⁹, ಬೋಲ್ಟ್ಸ್‌ಮನ್ ಸ್ಥಿರಾಂಕ 1.380649 × 10⁻²³, ಅವೊಗ್ಯಾಡ್ರೊ ಸಂಖ್ಯೆ 6.02214076 × 10²³. ಅದಕ್ಕೂ ಮೊದಲು ಕಿಲೋಗ್ರಾಂ ಅಂದರೆ ಪ್ಯಾರಿಸ್ ಬಳಿ 1889ರಿಂದ ಇಟ್ಟಿದ್ದ ಪ್ಲಾಟಿನಂ ಇರಿಡಿಯಂ ಉರುಳೆ. ಅದರ ಜೊತೆಗೆ ಮಾಡಿದ ನಕಲುಗಳನ್ನು ಹೋಲಿಸಿದಾಗ ನೂರು ವರ್ಷದಲ್ಲಿ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಕಂಡಿತು. ಯಾವುದು ಹೆಚ್ಚಿತು, ಯಾವುದು ಇಳಿಯಿತು ಎಂದು ಹೇಳುವುದು ಹೇಗೆ? ಉರುಳೆಯ ದ್ರವ್ಯರಾಶಿಯೇ ಕಿಲೋಗ್ರಾಂ ಆಗಿದ್ದಾಗ ಅದು ಬದಲಾಗಿದೆ ಎನ್ನುವ ಮಾತಿಗೇ ಅರ್ಥವಿಲ್ಲ. ಈಗ ಕಿಲೋಗ್ರಾಂ ನಿಂತಿರುವುದು ಪ್ಲಾಂಕ್ ಸ್ಥಿರಾಂಕದ ಮೇಲೆ.

ಪ್ಲಾಂಕ್ ಸ್ಥಿರಾಂಕ ಅಂದರೆ ಮಕ್ಕಳಿಗೆ ಭಯ, ಹತ್ತರ ಘಾತ ಮೈನಸ್ ಮೂವತ್ನಾಲ್ಕು ನೋಡಿಯೇ. ಒಂದು ಕೆಂಪು ಎಲ್‌ಇಡಿ ತೆಗೆದುಕೊಳ್ಳಿ. ರೋಧಕ ಜೋಡಿಸಿ, ವೋಲ್ಟೇಜನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿ. ಎಲ್‌ಇಡಿಯ ಎರಡು ಕಾಲುಗಳ ನಡುವೆ ಸುಮಾರು 1.9 ವೋಲ್ಟ್ ಆಗುವ ಹೊತ್ತಿಗೆ ಅದು ಮಿನುಗತೊಡಗುತ್ತದೆ. ಕೆಂಪು ಬೆಳಕಿನ ತರಂಗಾಂತರ 630 ನ್ಯಾನೋಮೀಟರ್ ಎಂದಿಟ್ಟುಕೊಳ್ಳಿ. ಎಲೆಕ್ಟ್ರಾನಿನ ಆವೇಶವನ್ನು ವೋಲ್ಟಿನಿಂದ, ತರಂಗಾಂತರದಿಂದ ಗುಣಿಸಿ, ಬೆಳಕಿನ ವೇಗದಿಂದ ಭಾಗಿಸಿ. 6.4 × 10⁻³⁴ ಬರುತ್ತದೆ. ಮೇಜಿನ ಮೇಲೆ, ಹತ್ತು ನಿಮಿಷದಲ್ಲಿ. ನೀಲಿ ಎಲ್‌ಇಡಿಗೆ ಹೆಚ್ಚು ವೋಲ್ಟ್ ಬೇಕಾಗುವುದೂ ಕಣ್ಣಿಗೆ ಕಾಣುತ್ತದೆ.

ಅನಿಲ ಸ್ಥಿರಾಂಕ ಆರ್, 8.314, ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ಅವೊಗ್ಯಾಡ್ರೊ ಸಂಖ್ಯೆಯಿಂದ ಗುಣಿಸಿದರೆ ಆರ್. ಒಂದು ಅಣುವಿನ ಲೆಕ್ಕವನ್ನು ಒಂದು ಮೋಲ್‌ಗೆ ಹೇಳಿದ್ದು, ಅಷ್ಟೇ.

ಕೂಲಂಬ್ ನಿಯಮದ ಕೆ ಬಗ್ಗೆ ಮಾತ್ರ ನಿಲ್ಲಬೇಕು. 9 × 10⁹ ಎಂದು ಎಲ್ಲರೂ ಉರು ಹೊಡೆಯುತ್ತೀರಿ. ಅಲ್ಲಿ 9 ಏಕೆ ಬಂತು ಎಂದು ಯಾರಾದರೂ ಕೇಳಿದ್ದೀರಾ? ಬೆಳಕಿನ ವೇಗ 3 × 10⁸. ವರ್ಗ ಮಾಡಿದರೆ 9 × 10¹⁶. ಅದರಿಂದ ಹತ್ತರ ಏಳು ಘಾತ ತೆಗೆಯಿರಿ, 9 × 10⁹. ನಿಂತ ಆವೇಶಗಳ ಸೂತ್ರದಲ್ಲಿ ಬೆಳಕಿನ ವೇಗದ ವರ್ಗ ಅಡಗಿ ಕುಳಿತಿದೆ! 1856ರಲ್ಲಿ ವೇಬರ್ ಮತ್ತು ಕೋಲ್‌ರಾಶ್ ಎಂಬಿಬ್ಬರು ವಿದ್ಯುತ್ತು ಮತ್ತು ಕಾಂತತ್ವದ ಏಕಮಾನಗಳ ಅನುಪಾತ ಅಳೆದಾಗ ಬಂದ ವೇಗ ಬೆಳಕಿನ ವೇಗಕ್ಕೆ ಬಹಳ ಹತ್ತಿರವಿತ್ತು. ಕೆಲವೇ ವರ್ಷಗಳಲ್ಲಿ ಮ್ಯಾಕ್ಸ್‌ವೆಲ್ ಅದನ್ನು ಹಿಡಿದು, ಬೆಳಕು ಎಂದರೆ ವಿದ್ಯುತ್ಕಾಂತೀಯ ತರಂಗ ಎಂಬಲ್ಲಿಗೆ ಬಂದ. ಅಂಥ ದೊಡ್ಡ ಸುಳಿವು ನಮ್ಮ ಕೋಷ್ಟಕದಲ್ಲಿ 9 ಎಂಬ ಒಂದೇ ಅಂಕಿಯಾಗಿ ಇದೆ, ನಾವು ಅದನ್ನು ದಾಟಿ ಹೋಗುತ್ತೇವೆ. ಶಿಕ್ಷಕರಿಗೆ ಒಂದು ಮಾತು: ನಿರ್ವಾತದ ಕಾಂತಶೀಲತೆ ಸರಿಯಾಗಿ 4π × 10⁻⁷ ಎಂದು ಹಳೆಯ ಪುಸ್ತಕಗಳಲ್ಲಿದೆ. 2019ರ ನಂತರ ಅದು ಅಳೆದು ತಿಳಿಯಬೇಕಾದ ಬೆಲೆ. ಲೆಕ್ಕಕ್ಕೆ ಏನೂ ವ್ಯತ್ಯಾಸವಾಗದು, ಆದರೆ ‘ಸರಿಯಾಗಿ’ ಎಂಬ ಪದವನ್ನು ಬಿಡಿ.

ಸೂತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ವಿಭವಾಂತರ ಎಂದರೆ ಪ್ರವಾಹ ಗುಣಿಸು ರೋಧ, ಇದು ಯಾವಾಗಲೂ ಸರಿ, ಏಕೆಂದರೆ ರೋಧ ಎಂಬುದನ್ನು ನಾವು ಹೇಳಿಕೊಂಡದ್ದೇ ಹಾಗೆ. ಓಮ್‌ನ ನಿಯಮ ಹೇಳುವುದು ಬೇರೆ. ತಾಪ ಬದಲಾಗದಿದ್ದರೆ ಲೋಹದ ರೋಧ ಪ್ರವಾಹ ಹೆಚ್ಚಿದರೂ ಅಷ್ಟೇ ಇರುತ್ತದೆ ಎನ್ನುವುದು ಅದರ ಹೂರಣ. ಟಂಗ್‌ಸ್ಟನ್ ಬಲ್ಬಿನ ತಂತಿ ಉರಿಯುವಾಗ ಅದರ ರೋಧ ತಣ್ಣಗಿದ್ದಾಗಿನದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಲೋಲಕದ ಸೂತ್ರಕ್ಕೂ ಗಡಿಯಿದೆ. ಸ್ವಲ್ಪವೇ ಎಳೆದು ಬಿಡಿ ಎಂದೆನಲ್ಲ, 90 ಡಿಗ್ರಿಯವರೆಗೆ ಎತ್ತಿ ಬಿಟ್ಟರೆ ಆವರ್ತ ಕಾಲ ಶೇಕಡ 18ರಷ್ಟು ಹೆಚ್ಚಾಗುತ್ತದೆ, ಸೂತ್ರ ಕೈಕೊಡುತ್ತದೆ.

ಸೂತ್ರಗಳಲ್ಲಿ ಬರುವ ‘ಅರ್ಧ’ವೂ ಒಂದು ಸ್ಥಿರಾಂಕವೇ, ಅದನ್ನು ಯಾರೂ ಗಮನಿಸುವುದಿಲ್ಲ. ಚಲನೆಯ ಸಮೀಕರಣದಲ್ಲಿ ಅರ್ಧ, ಚಲನ ಶಕ್ತಿಯಲ್ಲಿ ಅರ್ಧ, ಸ್ಪ್ರಿಂಗಿನ ಶಕ್ತಿಯಲ್ಲಿ ಅರ್ಧ, ಕೆಪ್ಯಾಸಿಟರಿನ ಶಕ್ತಿಯಲ್ಲಿ ಅರ್ಧ. ಎಲ್ಲಿಂದ ಬಂತು? ನಿಂತ ವಸ್ತು 5 ಸೆಕೆಂಡಿನಲ್ಲಿ ಸೆಕೆಂಡಿಗೆ 20 ಮೀಟರ್ ವೇಗಕ್ಕೆ ಏರಿತು. ವೇಗ ಮತ್ತು ಕಾಲದ ನಕ್ಷೆ ಬರೆಯಿರಿ, ಓರೆಗೆರೆ ಬರುತ್ತದೆ. ಕೆಳಗಿನದು ತ್ರಿಕೋನ. ಕ್ರಮಿಸಿದ ದೂರ ಅದರ ಕ್ಷೇತ್ರಫಲ, 50 ಮೀಟರ್. ತ್ರಿಕೋನದ ಕ್ಷೇತ್ರಫಲದಲ್ಲಿ ಅರ್ಧ ಇರುತ್ತದಲ್ಲ, ಅದೇ ಈ ಅರ್ಧ. ಸ್ಪ್ರಿಂಗ್ ಎಳೆಯುವಾಗ ಬಲ ಸೊನ್ನೆಯಿಂದ ಮೆಲ್ಲಗೆ ಏರುತ್ತದೆ, ಮತ್ತೆ ತ್ರಿಕೋನ. ಕೆಪ್ಯಾಸಿಟರ್ ತುಂಬುವಾಗ ವೋಲ್ಟೇಜ್ ಹಾಗೆಯೇ ಏರುತ್ತದೆ, ಮತ್ತೆ ತ್ರಿಕೋನ. ಹಾಗಿದ್ದರೆ ವಸ್ತುವನ್ನು ಎತ್ತರಕ್ಕೆ ಒಯ್ದಾಗಿನ ಶಕ್ತಿ, ದ್ರವ್ಯರಾಶಿ ಗುಣಿಸು ಜಿ ಗುಣಿಸು ಎತ್ತರ, ಅಲ್ಲೇಕೆ ಅರ್ಧ ಇಲ್ಲ? ಎತ್ತುವಾಗ ಭಾರ ಮೊದಲಿನಿಂದ ಕೊನೆಯವರೆಗೆ ಅಷ್ಟೇ ಇರುತ್ತದೆ. ನಕ್ಷೆ ಆಯತ. ಇದನ್ನು ಒಮ್ಮೆ ಕಂಡವರು ‘ಇಲ್ಲಿ ಅರ್ಧ ಇದೆಯಾ ಇಲ್ಲವಾ’ ಎಂದು ಪರೀಕ್ಷೆಯಲ್ಲಿ ಪೆನ್ನು ಕಚ್ಚುತ್ತ ಕೂರಬೇಕಾಗಿಲ್ಲ, ಒಂದು ಚಿಕ್ಕ ಚಿತ್ರ ಬರೆದರೆ ಆಯಿತು.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, “ಮೇಡಂ, ಈ ಬೆಲೆಗಳು ಹಿಂದೆ ಯಾವಾಗಲೋ ಬೇರೆ ಇದ್ದಿದ್ದರೆ ನಮಗೆ ಗೊತ್ತಾಗುತ್ತದಾ?”

ಅವಳಿಗೆ ಹೇಳಿದ್ದು ಇದು. ಏಕಮಾನ ಇರುವ ಒಂದು ಅಂಕಿ ಬದಲಾಯಿತೋ ನಮ್ಮ ಅಳತೆಪಟ್ಟಿ ಬದಲಾಯಿತೋ ಎಂದು ಬೇರ್ಪಡಿಸುವುದು ಕಷ್ಟ. ಏಕಮಾನವೇ ಇಲ್ಲದ ಅಂಕಿಯ ಬಗ್ಗೆ ಕೇಳಬೇಕು. ಎಲೆಕ್ಟ್ರಾನಿನ ಆವೇಶ, ಪ್ಲಾಂಕ್ ಸ್ಥಿರಾಂಕ, ಬೆಳಕಿನ ವೇಗ, ಕೂಲಂಬ್ ಸ್ಥಿರಾಂಕ ಇವನ್ನು ಒಂದು ಬಗೆಯಲ್ಲಿ ಜೋಡಿಸಿದರೆ ಏಕಮಾನಗಳೆಲ್ಲ ಅಳಿಸಿಹೋಗಿ ಸುಮಾರು 1/137 ಎಂಬ ಬರಿಯ ಸಂಖ್ಯೆ ಉಳಿಯುತ್ತದೆ. ಮೀಟರಿನಲ್ಲಿ ಅಳೆದರೂ ಅಡಿಯಲ್ಲಿ ಅಳೆದರೂ ಅದೇ. ಅದಕ್ಕೊಂದು ಹಳೆಯ ಸಾಕ್ಷಿ ಇದೆ. ಆಫ್ರಿಕಾದ ಗ್ಯಾಬನ್ ದೇಶದ ಓಕ್ಲೋ ಗಣಿಯ ಯುರೇನಿಯಂನಲ್ಲಿ ಯುರೇನಿಯಂ 235 ಎಂಬ ಐಸೊಟೋಪಿನ ಪ್ರಮಾಣ ಶೇಕಡ 0.720 ಇರಬೇಕಾದಲ್ಲಿ 0.717 ಇರುವುದು 1972ರಲ್ಲಿ ಕಂಡುಬಂತು. ಸುಮಾರು 200 ಕೋಟಿ ವರ್ಷದ ಹಿಂದೆ ಅಲ್ಲಿ, ನೆಲದೊಳಗೆ, ತಾನೇ ತಾನಾಗಿ ಪರಮಾಣು ವಿದಳನ ನಡೆದು ಯುರೇನಿಯಂ ಉರಿದುಹೋಗಿತ್ತು. ಆ ಕಲ್ಲುಗಳಲ್ಲಿ ಉಳಿದ ಸಮೇರಿಯಂ ಎಂಬ ಧಾತುವಿನ ಒಂದು ಐಸೊಟೋಪು ಅಂದು ಎಷ್ಟು ನ್ಯೂಟ್ರಾನ್ ನುಂಗಿತ್ತು ಎಂದು ಇಂದು ಎಣಿಸಬಹುದು. 1/137 ಎಳ್ಳಷ್ಟು ಬೇರೆ ಇದ್ದರೂ ಅದು ನುಂಗುವ ಪ್ರಮಾಣ ಬೇರೆಯಾಗುತ್ತಿತ್ತು. ಲೆಕ್ಕ ಹಾಕಿದವರು ಕಂಡಂತೆ, ಅಂದಿನಿಂದ ಆ ಸಂಖ್ಯೆ ಕೋಟಿಯಲ್ಲಿ ಒಂದೆರಡು ಪಾಲಿಗಿಂತ ಹೆಚ್ಚು ಕದಲಿಲ್ಲ.

“ದೊಡ್ಡ ಜಿ?” ಎಂದಳು.

1969ರಲ್ಲಿ ಚಂದ್ರನ ಮೇಲೆ ಇಟ್ಟುಬಂದ ಪ್ರತಿಫಲಕಕ್ಕೆ ಇಲ್ಲಿಂದ ಲೇಸರ್ ಬಿಟ್ಟು, ಅದು ಹೋಗಿ ಬರುವ ಹೊತ್ತನ್ನು ಪರಮಾಣು ಗಡಿಯಾರದಿಂದ ಅಳೆಯುತ್ತಲೇ ಇದ್ದಾರೆ. ಗುರುತ್ವ ಸಡಿಲಾಗುತ್ತಿದ್ದರೆ ಚಂದ್ರನ ಹಾದಿಯಲ್ಲಿ ಅದು ಕಾಣಬೇಕಿತ್ತು. ವರ್ಷಕ್ಕೆ ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಬದಲಾವಣೆಯೂ ಕಂಡಿಲ್ಲ. ಅವಳು ತಡೆದಳು. “ಅದರ ಬೆಲೆಯೇ ಐದಂಕಿಗಿಂತ ಮುಂದೆ ಗೊತ್ತಿಲ್ಲ ಅಂದಿರಿ. ಬದಲಾಗಿಲ್ಲ ಎಂದು ಹನ್ನೆರಡು ಅಂಕಿಯವರೆಗೆ ಹೇಗೆ ಗೊತ್ತು?”

ಬೆಲೆ ಎಷ್ಟು ಎಂದು ತಿಳಿಯಲು ಸೀಸದ ಗುಂಡನ್ನು ತೂಗಿ, ತಂತಿಯ ತಿರುಚು ಅಳೆಯಬೇಕು. ಬದಲಾಯಿತೇ ಎಂದು ತಿಳಿಯಲು ಇವತ್ತಿನ ಚಂದ್ರನನ್ನು ನಿನ್ನೆಯ ಚಂದ್ರನ ಪಕ್ಕ ಇಟ್ಟು ನೋಡಿದರೆ ಸಾಕು. ಭೂಮಿಯ ದ್ರವ್ಯರಾಶಿ ಎಷ್ಟೇ ಇರಲಿ, ಅದು ಎರಡೂ ಕಡೆ ಒಂದೇ, ಹೊಡೆದುಹೋಗುತ್ತದೆ. ಅವಳು ಸ್ವಲ್ಪ ಹೊತ್ತು ನಿಂತೇ ಇದ್ದಳು, ಆಮೇಲೆ ನೋಟುಪುಸ್ತಕದ ಹಿಂಬದಿಯಲ್ಲಿ ದೊಡ್ಡ ಜಿ, ಅದರ ಪಕ್ಕ ಭೂಮಿಯ ದ್ರವ್ಯರಾಶಿ ಬರೆದು, ಕೆಳಗೊಂದು ಅಡ್ಡಗೆರೆ ಎಳೆದು ಅದನ್ನೇ ಇನ್ನೊಮ್ಮೆ ಬರೆದಳು.